ಗಲ್ಲಾದಿಂದ ಆ್ಯಪ್‌ವರೆಗೆ: ನಮ್ಮ ಗಿರಾಕಿ ಈಗ ಯಾರ ಕೈಯಲ್ಲಿ?



ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ... ಊರು ಯಾವುದೇ ಇರಲಿ, ಕನ್ನಡನಾಡಿನಿಂದ ಬಂದವರು ಅಲ್ಲಿ ಬೇರೂರಿದ ಕಥೆಯಲ್ಲಿ ಹೋಟೆಲಿಗೊಂದು ಜಾಗ ಇದ್ದೇ ಇದೆ. ಮುಂಬೈಯಲ್ಲಂತೂ ‘ಉಡುಪಿ ಹೋಟೆಲ್’ ಎನ್ನುವುದು ಊರಿನ ಹೆಸರಾಗಿ ಉಳಿಯದೆ ಒಂದು ಬಗೆಯ ಊಟದ ಹೆಸರೇ ಆಗಿಬಿಟ್ಟಿದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ತಾವೇ ಹೋಟೆಲ್ ಇಟ್ಟರು. ಅವರ ಬಳಿ ಇದ್ದ ಬಂಡವಾಳ ಎರಡೇ: ಕೈರುಚಿ ಮತ್ತು ಗಿರಾಕಿಯ ಪರಿಚಯ.

ಆ ಪರಿಚಯ ಸಣ್ಣದಲ್ಲ. ಮೂರನೇ ಮೇಜಿನವರಿಗೆ ಕಾಫಿಗೆ ಸಕ್ಕರೆ ಬೇಡ, ಬ್ಯಾಂಕಿನ ಸಾಹೇಬರು ಶನಿವಾರ ಈರುಳ್ಳಿ ತಿನ್ನುವುದಿಲ್ಲ, ಎದುರು ಕಚೇರಿಯ ಹುಡುಗ ತಿಂಗಳ ಕೊನೆಯಲ್ಲಿ ಉದ್ರಿ ಹೇಳುತ್ತಾನೆ, ಒಂದನೇ ತಾರೀಕಿಗೆ ತಪ್ಪದೆ ಕೊಡುತ್ತಾನೆ. ಇದೆಲ್ಲ ಗಲ್ಲಾದಲ್ಲಿ ಕೂತ ಯಜಮಾನರ ತಲೆಯಲ್ಲಿ ಇರುತ್ತಿತ್ತು. ಇಂಗ್ಲಿಷಿನಲ್ಲಿ ಇದನ್ನೇ ಈಗ ‘ಕಸ್ಟಮರ್ ಡೇಟಾ’ ಎನ್ನುತ್ತಾರೆ!

ಇವತ್ತು ಅದೇ ಗಲ್ಲಾದ ಮೇಲೆ ಮೂರು ಹೊಸ ವಸ್ತುಗಳಿವೆ. ಒಂದು, ಕ್ಯೂಆರ್ ಕೋಡ್ ಅಂಟಿಸಿದ ಹಲಗೆ. ಎರಡು, ಹಣ ಬಂದಾಗ ಕೂಗಿ ಹೇಳುವ ಪುಟ್ಟ ಸೌಂಡ್‌ಬಾಕ್ಸ್. ಮೂರು, ಸ್ವಿಗ್ಗಿ, ಝೊಮ್ಯಾಟೊ ಆರ್ಡರ್ ಬಂದಾಗ ಟಿಂಗ್ ಎನ್ನುವ ಮೊಬೈಲ್ ಅಥವಾ ಟ್ಯಾಬ್. ಇವುಗಳಿಂದ ವ್ಯಾಪಾರ ಹೆಚ್ಚಿದೆಯೇ? ಹಲವರಿಗೆ ಹೌದು. ಲಾಭ ಹೆಚ್ಚಿದೆಯೇ? ಅದು ಬೇರೆ ಪ್ರಶ್ನೆ. ಆ ಹಳೆಯ ಪರಿಚಯ ಎಂಬ ಬಂಡವಾಳ ಈಗ ಯಾರ ಬಳಿ ಇದೆ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬನ್ನಿ, ಒಂದೊಂದನ್ನೇ ಬಿಡಿಸಿ ನೋಡೋಣ.

ಕ್ಯೂಆರ್ ಕೋಡ್: ಕಡಿಮೆ ಖರ್ಚು, ಹೆಚ್ಚು ಲೆಕ್ಕ

ಯುಪಿಐ ವ್ಯವಸ್ಥೆಯನ್ನು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆರಂಭಿಸಿದ್ದು 2016ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾಯಿತು, ಚಿಲ್ಲರೆಗೆ ಪರದಾಟವಾಯಿತು, ಜನ ಮೊಬೈಲಿನತ್ತ ತಿರುಗಿದರು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆಯಿತು.

ಸಣ್ಣ ವ್ಯಾಪಾರಿಗೆ ಇದು ಇಷ್ಟು ಬೇಗ ಒಗ್ಗಲು ಮುಖ್ಯ ಕಾರಣ ಖರ್ಚು. ಕಾರ್ಡ್ ಉಜ್ಜಿದರೆ ಬ್ಯಾಂಕು ವ್ಯಾಪಾರಿಯಿಂದ ನೂರಕ್ಕಿಷ್ಟು ಎಂದು ಶುಲ್ಕ ಹಿಡಿಯುತ್ತದೆ. ಬ್ಯಾಂಕ್ ಖಾತೆಯಿಂದ ನೇರ ಬರುವ ಯುಪಿಐ ಹಣಕ್ಕೆ ಆ ಶುಲ್ಕವನ್ನು ಸರ್ಕಾರ 2020ರ ಜನವರಿಯಿಂದ ಸೊನ್ನೆ ಮಾಡಿತು. 15 ರೂಪಾಯಿ ಚಹಾಕ್ಕೂ ಪೂರ್ತಿ 15 ರೂಪಾಯಿ ಖಾತೆಗೆ ಬರುತ್ತದೆ. ಸೌಂಡ್‌ಬಾಕ್ಸಿಗೆ ಮಾತ್ರ ಕಂಪನಿಗಳು ಸಾಮಾನ್ಯವಾಗಿ ತಿಂಗಳ ಬಾಡಿಗೆ ಕೇಳುತ್ತವೆ.

ಇದರ ಇನ್ನೊಂದು ಮುಖವೂ ಇದೆ. ನಗದು ಮರೆತುಹೋಗುತ್ತದೆ, ಯುಪಿಐ ಮರೆಯುವುದಿಲ್ಲ. ಪ್ರತಿ ಚಹಾ, ಪ್ರತಿ ಇಡ್ಲಿ ಬ್ಯಾಂಕಿನ ಪುಸ್ತಕದಲ್ಲಿ ಸಾಲಾಗಿ ನಿಂತಿರುತ್ತದೆ. ಇದರಿಂದ ಒಳ್ಳೆಯದೂ ಆಗುತ್ತದೆ. ಬೀದಿ ಬದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಡಿಜಿಟಲ್ ಆಗಿ ಹಣ ಪಡೆಯುವವರಿಗೆ ಪ್ರೋತ್ಸಾಹಧನ ಇದೆ. ಮೊದಲ ಸಾಲ 10,000 ರೂಪಾಯಿ ಇದ್ದದ್ದು 2025ರಲ್ಲಿ 15,000ಕ್ಕೆ ಏರಿತು. ಅಡವಿಡಲು ಏನೂ ಇಲ್ಲದವನಿಗೆ ಅವನ ದಿನದ ವಹಿವಾಟೇ ಸಾಕ್ಷಿಯಾಗುತ್ತದೆ.

ಸಾಕ್ಷಿ ಎರಡೂ ಕಡೆಗೆ ನುಡಿಯುತ್ತದೆ ಎನ್ನುವುದು ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ಗೊತ್ತಾಯಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಅದರಲ್ಲಿ ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿಯವರಿದ್ದರು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಇದ್ದರು. ಅನೇಕರು ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂಬ ಬೋರ್ಡ್ ಹಾಕಿದರು. ಪ್ರತಿಭಟನೆಯ ನಂತರ ಹಳೆಯ ಬಾಕಿಯನ್ನು ಒತ್ತಾಯಿಸಿ ವಸೂಲು ಮಾಡುವುದಿಲ್ಲ ಎಂದು ಸರ್ಕಾರ ಹೇಳಬೇಕಾಯಿತು.

ಇದರಿಂದ ನಾವು ಕಲಿಯಬೇಕಾದದ್ದು ಕ್ಯೂಆರ್ ಕೋಡ್ ಕೆಟ್ಟದ್ದು ಎಂದಲ್ಲ. ಮಗಳ ಕಾಲೇಜು ಫೀಸಿಗೆ ಭಾವ ಕಳಿಸಿದ ಹಣ, ಸ್ನೇಹಿತ ಮರಳಿಸಿದ ಕೈಸಾಲ, ಅಂಗಡಿಯ ಮಾರಾಟ ಎಲ್ಲ ಒಂದೇ ಖಾತೆಗೆ ಬಂದರೆ ನೋಡುವವರಿಗೆ ಎಲ್ಲವೂ ಮಾರಾಟದಂತೆಯೇ ಕಾಣುತ್ತದೆ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ ಇರಲಿ. ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿ ವಹಿವಾಟು ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕು ಎನ್ನುವುದು ಹೆಚ್ಚಿನ ರಾಜ್ಯಗಳಲ್ಲಿರುವ ನಿಯಮ. ಹೋಟೆಲ್ ಊಟ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಈ ಗೆರೆ ಎಲ್ಲಿದೆ ಎಂದು ತಿಳಿದಿರುವುದು ಒಳ್ಳೆಯದು.

ನಕ್ಷೆಯಲ್ಲಿ ಇಲ್ಲದಿದ್ದರೆ ಬೀದಿಯಲ್ಲೂ ಇಲ್ಲ

ಹಿಂದೆ ಹೊಸ ಗಿರಾಕಿ ಬರುತ್ತಿದ್ದದ್ದು ಬೋರ್ಡ್ ನೋಡಿ, ಇಲ್ಲವೇ ಯಾರೋ ಹೇಳಿದ್ದು ಕೇಳಿ. ಈಗ ಊರಿಗೆ ಹೊಸದಾಗಿ ಬಂದವರು ಮೊದಲು ಮೊಬೈಲ್ ತೆರೆದು ‘ಹತ್ತಿರದ ಉಡುಪಿ ಹೋಟೆಲ್’ ಎಂದು ಹುಡುಕುತ್ತಾರೆ. ಗೂಗಲ್ ಆ ಪಟ್ಟಿಯನ್ನು ಮುಖ್ಯವಾಗಿ ಮೂರು ಸಂಗತಿ ನೋಡಿ ಕೊಡುತ್ತದೆ. ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ಹೊಂದಿಕೆ, ಹುಡುಕಿದವರು ಎಷ್ಟು ಹತ್ತಿರ ಇದ್ದಾರೆ, ನಿಮ್ಮ ಅಂಗಡಿಗೆ ಎಷ್ಟು ಹೆಸರಿದೆ. ದೂರವನ್ನು ನಾವು ಬದಲಿಸಲಾರೆವು. ಉಳಿದ ಎರಡು ನಮ್ಮ ಕೈಯಲ್ಲಿವೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಲು ಹಣ ಕೊಡಬೇಕಿಲ್ಲ. ಯಾರಾದರೂ ಫೋನ್ ಮಾಡಿ ‘ನಿಮ್ಮ ಹೋಟೆಲನ್ನು ಗೂಗಲ್‌ಗೆ ಸೇರಿಸುತ್ತೇವೆ, ಇಷ್ಟು ಕೊಡಿ’ ಎಂದರೆ, ಅದು ಅವರ ಕೂಲಿಯೇ ಹೊರತು ಗೂಗಲ್ ಶುಲ್ಕವಲ್ಲ ಎಂದು ತಿಳಿಯಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿದ್ದರೆ ಸಂಜೆ ಕೂತು ಮಾಡಿಕೊಡುತ್ತಾರೆ. ಸರಿಯಾದ ಸಮಯ, ವಾರದ ರಜೆ, ಫೋನ್ ನಂಬರ್, ಇವತ್ತಿನ ದರಪಟ್ಟಿ, ನಾಲ್ಕು ಸ್ಪಷ್ಟ ಚಿತ್ರ ಇದ್ದರೆ ಸಾಕು. ಸೋಮವಾರ ಬಾಗಿಲು ಹಾಕುವ ಹೋಟೆಲು ಮೊಬೈಲಿನಲ್ಲಿ ‘ತೆರೆದಿದೆ’ ಎಂದು ತೋರಿಸಿದರೆ, ಬಂದು ಮರಳಿದ ಗಿರಾಕಿ ಮಂಗಳವಾರ ಬರುವುದಿಲ್ಲ.

ಇನ್ನು ನಕ್ಷತ್ರಗಳ ವಿಷಯ. ‘ಸಾಂಬಾರು ತಣ್ಣಗಿತ್ತು’ ಎಂದು ಒಬ್ಬರು ಬರೆದರೆ ಸಿಟ್ಟಾಗುವುದು ಸಹಜ. ಆದರೆ ಆ ದೂರನ್ನು ಓದುವವರು ಅವರೊಬ್ಬರೇ ಅಲ್ಲ, ನಾಳೆ ಬರಬೇಕೆಂದಿರುವ ನೂರು ಜನ. ‘ಕ್ಷಮಿಸಿ, ಆ ದಿನ ರಶ್ ಇತ್ತು, ಮುಂದಿನ ಸಲ ಗಲ್ಲಾದಲ್ಲೇ ಹೇಳಿ’ ಎಂದು ಎರಡು ಸಾಲು ಉತ್ತರ ಬರೆದರೆ ಆ ನೂರು ಜನರಿಗೆ ಯಜಮಾನರು ಎಂಥವರು ಎಂದು ಗೊತ್ತಾಗುತ್ತದೆ. ಹಣ ಕೊಟ್ಟು ಸುಳ್ಳು ಹೊಗಳಿಕೆ ಬರೆಸುವವರಿದ್ದಾರೆ. ಸಿಕ್ಕಿಬಿದ್ದರೆ ಇದ್ದ ಮರ್ಯಾದೆಯೂ ಹೋಗುತ್ತದೆ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡವನ್ನೇ ಹೊರತಂದಿತು ಎಂದರೆ ಈ ಕಾಟ ಎಷ್ಟಿದೆ ಎಂದು ಊಹಿಸಿ.

200 ರೂಪಾಯಿ ಆರ್ಡರಿನ ಒಳಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಝೊಮ್ಯಾಟೊ 2008ರಲ್ಲಿ ಫುಡೀಬೇ ಎಂಬ ಹೆಸರಿನಲ್ಲಿ ಹೋಟೆಲ್ ಮೆನುಗಳನ್ನು ತೋರಿಸುವ ತಾಣವಾಗಿ ಹುಟ್ಟಿತು. ಸ್ವಿಗ್ಗಿ 2014ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಇವತ್ತು ದೇಶದ ಊಟ ತಲುಪಿಸುವ ವ್ಯಾಪಾರದಲ್ಲಿ ಬಹುಪಾಲು ಈ ಎರಡರ ಕೈಯಲ್ಲಿದೆ.

ಇವು ಹೋಟೆಲಿನವರಿಂದ ಪ್ರತಿ ಆರ್ಡರಿನ ಮೇಲೆ ಕಮಿಷನ್ ಹಿಡಿಯುತ್ತವೆ. ದರ ಒಬ್ಬೊಬ್ಬರಿಗೆ ಒಂದೊಂದು. ಲೆಕ್ಕಕ್ಕಾಗಿ ನೂರಕ್ಕೆ 25 ಎಂದಿಟ್ಟುಕೊಳ್ಳೋಣ.

ಆರ್ಡರ್ 200 ರೂಪಾಯಿ. ಕಮಿಷನ್ 50 ರೂಪಾಯಿ. ಆ ಕಮಿಷನ್ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 9 ರೂಪಾಯಿ. ಉಳಿದದ್ದು 141. ಡಬ್ಬಿ, ಚಟ್ನಿಯ ಪೊಟ್ಟಣ, ಚೀಲಕ್ಕೆ 10 ರೂಪಾಯಿ ಹಿಡಿದರೆ 131. ಅಕ್ಕಿ, ಉದ್ದು, ತೆಂಗಿನಕಾಯಿ, ಎಣ್ಣೆ ಇತ್ಯಾದಿ ಸಾಮಾನಿಗೆ 70 ರೂಪಾಯಿ ಎಂದರೆ ಕೈಯಲ್ಲಿ ಉಳಿಯುವುದು 61. ಬಾಡಿಗೆ, ಸಂಬಳ, ಗ್ಯಾಸು, ಕರೆಂಟು, ಕೊನೆಗೆ ಲಾಭ, ಎಲ್ಲವೂ ಈ 61ರಲ್ಲೇ ಆಗಬೇಕು. ಅದೇ ತಿಂಡಿಯನ್ನು ಗಿರಾಕಿ ಹೋಟೆಲಿಗೆ ಬಂದು ತಿಂದಿದ್ದರೆ ಸಾಮಾನು ಕಳೆದು 130 ಉಳಿಯುತ್ತಿತ್ತು.

ಈಗ ‘20 ಪರ್ಸೆಂಟ್ ಆಫ್’ ಎಂಬ ಆಫರನ್ನು ಹೋಟೆಲಿನವರೇ ಹೊತ್ತರು ಎನ್ನಿ. 200ರ ಬದಲು 160. ಆ 160ರ ಮೇಲೆ ಕಮಿಷನ್ 40, ಅದರ ಜಿಎಸ್‌ಟಿ 7 ರೂಪಾಯಿ 20 ಪೈಸೆ. ಡಬ್ಬಿ 10, ಸಾಮಾನು 70 ಹಾಗೆಯೇ ಇರುತ್ತದೆ. ಉಳಿಯುವುದು 32 ರೂಪಾಯಿ 80 ಪೈಸೆ! ಗಿರಾಕಿಗೆ ಬಿಟ್ಟದ್ದು ಐದರಲ್ಲೊಂದು ಪಾಲು, ಯಜಮಾನರ ಕೈಯಿಂದ ಹೋದದ್ದು ಹತ್ತಿರ ಹತ್ತಿರ ಅರ್ಧ. ಆಫರ್‌ಗೆ ಒಪ್ಪಿಗೆ ಒತ್ತುವ ಮೊದಲು ಒಂದು ಚೀಟಿಯಲ್ಲಿ ಈ ಲೆಕ್ಕ ಬರೆದು ನೋಡುವುದು ಮೇಲು.

ಹಾಗಾದರೆ ಆ್ಯಪ್ ಬೇಡವೇ? ಹಾಗಲ್ಲ. ಹೋಟೆಲಿನ ಬಾಡಿಗೆ, ಭಟ್ಟರ ಸಂಬಳ ಆರ್ಡರ್ ಇದ್ದರೂ ಇಲ್ಲದಿದ್ದರೂ ಕೊಡಲೇಬೇಕು. ಮಧ್ಯಾಹ್ನ ಮೂರರಿಂದ ಐದರವರೆಗೆ ಒಲೆ ಸುಮ್ಮನೆ ಉರಿಯುವ ಹೊತ್ತಿನಲ್ಲಿ ಹತ್ತು ಆರ್ಡರ್ ಬಂದರೆ, ಒಂದೊಂದಕ್ಕೆ 61 ಉಳಿದರೂ ಲಾಭವೇ. ಮಳೆಗಾಲದಲ್ಲಿ ಮುಂಬೈ ರಸ್ತೆಗಳಲ್ಲಿ ನೀರು ನಿಂತಾಗ ಮೇಜುಗಳೆಲ್ಲ ಖಾಲಿ ಇರುತ್ತವೆ. ಆಗಲೂ ಅದು ಆಸರೆ. ಮೇಜಿಗೆ ಬರಬೇಕಾಗಿದ್ದ ಗಿರಾಕಿಯೇ ಎದುರು ಕಟ್ಟಡದಲ್ಲಿ ಕೂತು ಆ್ಯಪಿನಲ್ಲಿ ತರಿಸಲು ಶುರುಮಾಡಿದಾಗ ಮಾತ್ರ ನಷ್ಟ. ಅಂದರೆ ಆ್ಯಪ್ ಹೊಸ ಗಿರಾಕಿಯನ್ನು ತಂದರೆ ಕಮಿಷನ್ ಅದರ ಕೂಲಿ. ಹಳೆಯ ಗಿರಾಕಿಯನ್ನೇ ಸುತ್ತು ಹಾಕಿಸಿ ತಂದರೆ ಅದು ನಮ್ಮ ಮನೆಯ ಬಾಗಿಲಿಗೆ ನಾವೇ ಕೊಡುವ ಸುಂಕ.

ಎಲ್ಲ ತಿಂಡಿಯೂ ಡಬ್ಬಿಗೆ ಒಗ್ಗುವುದಿಲ್ಲ ಎನ್ನುವುದನ್ನೂ ಮರೆಯಬಾರದು. ಗರಿಗರಿ ಮಸಾಲೆದೋಸೆ ಇಪ್ಪತ್ತೈದು ನಿಮಿಷ ಚೀಲದಲ್ಲಿದ್ದರೆ ಮೆತ್ತಗಾಗುತ್ತದೆ, ನಕ್ಷತ್ರ ಕಡಿಮೆಯಾಗುವುದು ಹೋಟೆಲಿಗೆ. ಬಿಸಿಬೇಳೆಬಾತ್, ಇಡ್ಲಿ, ಪುಳಿಯೋಗರೆ ಪ್ರಯಾಣ ತಡೆಯುತ್ತವೆ. ಆ್ಯಪಿನ ಮೆನು ಬೇರೆ, ಹೋಟೆಲಿನ ಮೆನು ಬೇರೆ ಇಡುವುದು ಜಾಣತನ. ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಜನ ಹುಡುಕಿಕೊಂಡು ಹೋಗುವುದು ಬಾಳೆಎಲೆಯ ಮುಂದೆ ಕೂತು ಊಟ ಮಾಡಲು. ಆ ಅನುಭವವನ್ನು ಯಾವ ಆ್ಯಪ್ ಮನೆಗೆ ತಂದುಕೊಟ್ಟೀತು?

ಪರಿಚಯ ಯಾರದು?

ಕಮಿಷನ್ನಿಗಿಂತ ದೊಡ್ಡ ಮಾತು ಇಲ್ಲಿದೆ. ಆ್ಯಪಿನಲ್ಲಿ ಆರ್ಡರ್ ಬಂದಾಗ ಯಜಮಾನರಿಗೆ ಸಿಗುವುದು ಏನು ಬೇಕು ಎಂಬ ಪಟ್ಟಿ. ತರಿಸಿದವರ ಫೋನ್ ನಂಬರ್ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ಮೊದಲ ಸಲ ಬಂದವರೋ, ಹತ್ತು ವರ್ಷದಿಂದ ಬರುವವರೋ ಗೊತ್ತಾಗುವುದು ಕಷ್ಟ. ಆದರೆ ಆ್ಯಪಿಗೆ ಎಲ್ಲವೂ ಗೊತ್ತು. ಯಾವ ವಾರ ತರಿಸುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ, ಯಾವ ರಿಯಾಯಿತಿ ತೋರಿಸಿದರೆ ಪಕ್ಕದ ಹೋಟೆಲಿಗೆ ಹೋಗುತ್ತಾರೆ, ಎಲ್ಲವೂ. ಪಟ್ಟಿಯಲ್ಲಿ ಮೇಲೆ ಕಾಣಬೇಕೆಂದರೆ ಹೋಟೆಲಿನವರು ಅದೇ ಆ್ಯಪಿಗೆ ಜಾಹೀರಾತಿನ ಹಣ ಕೊಡಬೇಕಾಗುತ್ತದೆ. ಹಿಂದೆ ಯಜಮಾನರ ತಲೆಯಲ್ಲಿದ್ದ ಪರಿಚಯವನ್ನು ಈಗ ಯಜಮಾನರೇ ಬಾಡಿಗೆಗೆ ಪಡೆಯುವಂತಾಗಿದೆ!

ಹೋಟೆಲಿನವರು ಸುಮ್ಮನೆ ಕೂತಿಲ್ಲ. 2019ರ ಆಗಸ್ಟ್‌ನಲ್ಲಿ ವಿಪರೀತ ರಿಯಾಯಿತಿಗಳ ವಿರುದ್ಧ ಸಾವಿರಾರು ಹೋಟೆಲುಗಳು ‘ಲಾಗ್ ಔಟ್’ ಚಳವಳಿ ನಡೆಸಿದವು. ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ದೂರಿನ ಮೇಲೆ 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಎರಡೂ ಕಂಪನಿಗಳ ವ್ಯವಹಾರದ ತನಿಖೆಗೆ ಆದೇಶಿಸಿತು.

ಬೇರೆ ದಾರಿಗಳನ್ನೂ ಹುಡುಕಲಾಗಿದೆ. ಕೇಂದ್ರ ಸರ್ಕಾರದ ಬೆಂಬಲದ ಓಎನ್‌ಡಿಸಿ 2022ರಲ್ಲಿ ಬೆಂಗಳೂರು, ದೆಹಲಿ ಸೇರಿ ಐದು ಕಡೆ ಪ್ರಯೋಗ ಶುರುಮಾಡಿತು. ಇದು ಆ್ಯಪ್ ಅಲ್ಲ, ಒಂದು ಜಾಲ. ಕೊಳ್ಳುವವರು ಒಂದು ಆ್ಯಪಿನಲ್ಲಿ, ಮಾರುವವರು ಇನ್ನೊಂದು ಆ್ಯಪಿನಲ್ಲಿ ಇದ್ದರೂ ವ್ಯಾಪಾರ ನಡೆಯುತ್ತದೆ, ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗಾದರೂ ಯುಪಿಐ ಹಣ ಹೋದಂತೆ. ದೊಡ್ಡ ಎರಡು ಆ್ಯಪ್‌ಗಳ ಜಾಗವನ್ನು ಇದು ಹಿಡಿದಿಲ್ಲ. ಆದರೆ ಇದೇ ಜಾಲ ಸೇರಿದ ಬೆಂಗಳೂರಿನ ‘ನಮ್ಮ ಯಾತ್ರಿ’ ಒಂದು ವಿಷಯ ತೋರಿಸಿಕೊಟ್ಟಿತು. ಆಟೋ ಚಾಲಕರ ಸಂಘದ ಜೊತೆಗೂಡಿ 2022ರಲ್ಲಿ ಬಂದ ಈ ಆ್ಯಪ್, ಬಾಡಿಗೆಯಲ್ಲಿ ನೂರಕ್ಕಿಷ್ಟು ಎಂದು ಕತ್ತರಿಸದೆ ದಿನಕ್ಕೆ ಸಣ್ಣ ಮೊತ್ತ ಪಡೆಯುವ ದಾರಿ ಹಿಡಿಯಿತು. 2025ರಲ್ಲಿ ಊಬರ್ ಕೂಡ ಆಟೋಗಳಿಗೆ ಕಮಿಷನ್ ಬಿಟ್ಟು ಅದೇ ಬಗೆಯ ಶುಲ್ಕಕ್ಕೆ ಬಂತು. ಕಮಿಷನ್ ಎನ್ನುವುದು ಬ್ರಹ್ಮಲಿಖಿತವಲ್ಲ!

ಹೋಳಿಗೆ, ಉಪ್ಪಿನಕಾಯಿ ಮತ್ತು ವಾಟ್ಸ್‌ಆ್ಯಪ್

ಪರಿಚಯವನ್ನು ಕೈಬಿಡದೆ ಡಿಜಿಟಲ್ ವ್ಯಾಪಾರ ಮಾಡುವುದು ಹೇಗೆ ಎಂದು ನೋಡಬೇಕಾದರೆ ನಮ್ಮ ಮನೆಗಳಿಂದಲೇ ವ್ಯಾಪಾರ ಮಾಡುವ ಅಕ್ಕ, ಅಮ್ಮಂದಿರನ್ನು ನೋಡಬೇಕು. ಯುಗಾದಿಗೆ ಹೋಳಿಗೆ, ಚೌತಿಗೆ ಕಡುಬು, ಬೇಸಿಗೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ. ಕನ್ನಡ ಸಂಘದ ಪರಿಚಯದವರಿಂದ ಶುರುವಾದ ಆರ್ಡರ್ ವಾಟ್ಸ್‌ಆ್ಯಪಿನಲ್ಲಿ ಬೆಳೆಯುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ 2018ರಲ್ಲಿ ಬಂತು. ಅದರಲ್ಲಿ ದರ ಸಮೇತ ತಿಂಡಿಗಳ ಕೆಟಲಾಗ್ ಇಡಬಹುದು. ‘ಬ್ರಾಡ್‌ಕಾಸ್ಟ್’ ಸೌಲಭ್ಯದಲ್ಲಿ ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಅಂದರೆ ಮೊದಲು ಪರಿಚಯ, ಆಮೇಲೆ ಪ್ರಚಾರ. ಎಷ್ಟು ಸರಿಯಾಗಿದೆ ನೋಡಿ! ದಿನಾ ‘ಗುಡ್ ಮಾರ್ನಿಂಗ್’ ಚಿತ್ರ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ. ಹಬ್ಬಕ್ಕೆ ಹತ್ತು ದಿನ ಮೊದಲು ‘ಹೋಳಿಗೆ ಆರ್ಡರ್ ಗುರುವಾರದವರೆಗೆ ಮಾತ್ರ’ ಎಂದರೆ ಕಾದು ನೋಡುತ್ತಾರೆ. ಒಂದು ಎಚ್ಚರಿಕೆ: ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಇನ್ನೊಂದು ದಾರಿ. ರೇಡಿಯೋದಲ್ಲಿ ನಾವು ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ. ಅಲ್ಲಿ ಹಾಗಲ್ಲ. ಅಂಗಡಿಯ ಸುತ್ತ ಕೆಲವೇ ಕಿಲೋಮೀಟರಿನೊಳಗೆ ಇರುವವರಿಗೆ ಮಾತ್ರ ಕಾಣಿಸು, ದಿನಕ್ಕೆ ಇಷ್ಟೇ ಹಣ ಎಂದು ಗೊತ್ತುಮಾಡಬಹುದು. ಆದರೆ ‘ಲೈಕ್’ ಬಂದದ್ದು ವ್ಯಾಪಾರವಲ್ಲ. ಹೊಸ ಗಿರಾಕಿ ಬಂದಾಗ ‘ನಮ್ಮ ವಿಷಯ ಎಲ್ಲಿ ಗೊತ್ತಾಯಿತು?’ ಎಂದು ಕೇಳಿ ಒಂದು ವಹಿಯಲ್ಲಿ ಬರೆದಿಡಿ. ತಿಂಗಳ ಕೊನೆಗೆ ಯಾವ ಖರ್ಚು ಗಿರಾಕಿ ತಂದಿತು, ಯಾವುದು ಬರೀ ಚಿತ್ರ ತೋರಿಸಿತು ಎಂದು ತಾನೇ ತಿಳಿಯುತ್ತದೆ.

ಅಂಗಡಿಯವರಿಗೆ ಐದು ಮಾತು

1. ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಕ್ಯೂಆರ್ ಕೋಡ್ ಇರಲಿ. ನಿಮ್ಮ ಕೋಡ್ ಮೇಲೆ ಬೇರೆ ಯಾರೋ ತಮ್ಮದನ್ನು ಅಂಟಿಸಿಲ್ಲವೇ ಎಂದು ಬೆಳಿಗ್ಗೆ ಬಾಗಿಲು ತೆಗೆದಾಗ ನೋಡಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಯಾರಾದರೂ ಒತ್ತಲು ಹೇಳಿದರೆ ಅದು ಮೋಸ.

2. ಗೂಗಲ್ ನಕ್ಷೆಯಲ್ಲಿ ಸಮಯ, ರಜೆ, ಫೋನ್ ನಂಬರ್ ಸರಿಯಾಗಿರಲಿ. ಅದರ ಪಾಸ್‌ವರ್ಡ್ ಮನೆಯವರ ಬಳಿಯೇ ಇರಲಿ, ಮಾಡಿಕೊಟ್ಟ ಏಜೆಂಟನ ಬಳಿ ಅಲ್ಲ.

3. ಆ್ಯಪ್ ಆರ್ಡರಿನ ಲಾಭವನ್ನು ಬೇರೆ ಪುಟದಲ್ಲಿ ಬರೆಯಿರಿ. ಒಟ್ಟು ಮಾರಾಟ ನೋಡಿ ಹಿಗ್ಗಬೇಡಿ.

4. ನೇರ ಆರ್ಡರ್ ಕೊಡುವವರಿಗೆ ದಾರಿ ಸುಲಭ ಮಾಡಿ. ಬಿಲ್ಲಿನ ಮೇಲೆ, ಗೋಡೆಯ ಮೇಲೆ ಫೋನ್ ನಂಬರ್ ದೊಡ್ಡದಾಗಿರಲಿ. ಹತ್ತಿರದ ಕಟ್ಟಡಗಳಿಗೆ ನಿಮ್ಮ ಹುಡುಗನೇ ಪಾರ್ಸೆಲ್ ತಲುಪಿಸಲಿ.

5. ಗಿರಾಕಿ ಒಪ್ಪಿದರೆ ಮಾತ್ರ ನಂಬರ್ ಬರೆದುಕೊಳ್ಳಿ, ಕೊಟ್ಟ ನಂಬರನ್ನು ಬೇರೆಯವರಿಗೆ ಕೊಡಬೇಡಿ. ನಂಬಿಕೆ ಒಮ್ಮೆ ಒಡೆದರೆ ಯಾವ ಆ್ಯಪಿನಿಂದಲೂ ರಿಪೇರಿಯಾಗದು.

ಕೇಳುಗರಿಗೆ ಒಂದು ಮಾತು

ನಾವೆಲ್ಲ ಗಿರಾಕಿಗಳೇ. ಮಳೆಯ ದಿನ, ಜ್ವರ ಬಂದ ದಿನ, ರಾತ್ರಿ ತಡವಾದ ದಿನ ಆ್ಯಪ್ ನಮಗೆ ಉಪಕಾರಿ. ಅದರಲ್ಲಿ ತಪ್ಪಿಲ್ಲ. ಆದರೆ ಮೂರೇ ನಿಮಿಷ ನಡೆದರೆ ಸಿಗುವ ಹೋಟೆಲಿನಿಂದ ಆ್ಯಪಿನಲ್ಲಿ ತರಿಸುವಾಗ ತಲುಪಿಸುವ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕ, ಕೆಲವೊಮ್ಮೆ ಮೆನುವಿನಲ್ಲೇ ಏರಿಸಿಟ್ಟ ದರ ಎಲ್ಲ ಸೇರಿ ನಾವು ಹೆಚ್ಚು ಕೊಡುತ್ತೇವೆ, ಯಜಮಾನರಿಗೆ ಕಡಿಮೆ ಸಿಗುತ್ತದೆ. ಒಂದು ಫೋನ್ ಮಾಡಿದರೆ, ಇಲ್ಲವೇ ಚಪ್ಪಲಿ ಮೆಟ್ಟಿ ಹೊರಟರೆ ಇಬ್ಬರಿಗೂ ಉಳಿಯುತ್ತದೆ. ಜೊತೆಗೆ ‘ಏನು ಭಟ್ರೇ, ಊರಲ್ಲಿ ಮಳೆ ಶುರುವಾಯ್ತಾ?’ ಎಂದು ಕನ್ನಡದಲ್ಲಿ ನಾಲ್ಕು ಮಾತಾಡಲು ಪರಊರಿನಲ್ಲಿ ಇನ್ನೊಂದು ಜಾಗ ಉಳಿಯುತ್ತದೆ.

ಯಂತ್ರಗಳು ಬರಲಿ, ಆ್ಯಪ್‌ಗಳೂ ಬರಲಿ. ಅವುಗಳನ್ನು ಗಲ್ಲಾದ ಮೇಲೆ ಇಟ್ಟುಕೊಳ್ಳೋಣ. ಗಲ್ಲಾದ ಹಿಂದಿನ ಕುರ್ಚಿಯನ್ನು ಮಾತ್ರ ಅವುಗಳಿಗೆ ಬಿಟ್ಟುಕೊಡುವುದು ಬೇಡ.